ಡಾಲ್ಫಿನ್ ಬೋಟೋ, ಕುಂಭಾರ್ಜುವಾ ಕಾಲುವೆಯೋ: ಗೋವಾದಲ್ಲಿ ನಾವು ಯಾವುದಕ್ಕೆ ಜಾಸ್ತಿ ದುಡ್ಡು ಕೊಡ್ತೀವಿ?

ಡಿಸೆಂಬರ್ ಬಂದರೆ ವಾಸ್ಕೋದ ನಮ್ಮ ಮನೆಗೆ ಹುಬ್ಬಳ್ಳಿಯ ನೆಂಟರು ಬರುತ್ತಾರೆ. ಬೋಟಿನಲ್ಲಿ ಕರ್ಕೊಂಡು ಹೋಗು ಅಂತ ಎಲ್ಲರೂ ಕೇಳುತ್ತಾರೆ. ನಾನು ಎರಡು ಥರದ ಬೋಟ್‌ನಲ್ಲೂ ಹೋಗಿದ್ದೇನೆ. ಹೆಚ್ಚು ದುಡ್ಡಿನದಕ್ಕೇ ಮತ್ತೆ ಮತ್ತೆ ಹೋಗುತ್ತೇನೆ, ಯಾಕೆ ಅಂತ ಹೇಳುತ್ತೇನೆ.

ಮೊದಲು ಉತ್ತರ ಗೋವಾದ ಸಿಂಕೆರಿಮ್ ಬೀಚ್ ಕಡೆಯ ಡಾಲ್ಫಿನ್ ಬೋಟ್. ತಲೆಗೆ ಕೆಲವು ನೂರು ರೂಪಾಯಿ, ಬುಕಿಂಗ್ ಸುಲಭ, ಮಕ್ಕಳಿಗೆ ಖುಷಿ. ಡಾಲ್ಫಿನ್ ಕಾಣದಿದ್ದರೆ ದುಡ್ಡು ವಾಪಸ್ ಅಂತ ಕೆಲವರು ಭರವಸೆ ಕೊಡುತ್ತಾರೆ, ನನಗೆ ತೊಂದರೆ ಅನಿಸುವುದು ಅದೇ. ದುಡ್ಡು ಹೋಗಬಾರದು ಅಂದರೆ ಡಾಲ್ಫಿನ್ ತೋರಿಸಲೇಬೇಕು, ಹಾಗಾಗಿ ಒಂದು ಬೆನ್ನು ನೀರಿನ ಮೇಲೆ ಕಂಡ ಕೂಡಲೇ ಸುತ್ತಲಿನ ಬೋಟುಗಳೆಲ್ಲ ಅದೇ ಜಾಗಕ್ಕೆ ನುಗ್ಗುತ್ತವೆ, ಅದು ಮುಳುಗುತ್ತದೆ, ಮತ್ತೆ ಎದ್ದ ಕಡೆಗೆ ಇವರೂ ತಿರುಗುತ್ತಾರೆ. ಗೋವಾದ ದಡದಲ್ಲಿ ಕಾಣುವ ಈ ಹಂಪ್‌ಬ್ಯಾಕ್ ಡಾಲ್ಫಿನ್‌ಗಳು ಆಳವಿಲ್ಲದ ನೀರಿನಲ್ಲೇ ಬದುಕುವಂಥವು. ಮೀನು ಹುಡುಕುವುದಕ್ಕೂ ಮರಿಯ ಜೊತೆ ಇರುವುದಕ್ಕೂ ಅವುಗಳಿಗೆ ಶಬ್ದವೇ ಆಧಾರ, ಅಂಥದ್ದರ ತಲೆಯ ಮೇಲೆ ಅಷ್ಟು ಇಂಜಿನ್‌ಗಳು. ನೋಡೋಕೆ ಸಂಕಟವಾಗುತ್ತದೆ.

ಇನ್ನೊಂದು, ಮಾಂಡವಿ ಮತ್ತು ಝುವಾರಿ ನದಿಗಳನ್ನು ಜೋಡಿಸುವ ಕುಂಭಾರ್ಜುವಾ ಕಾಲುವೆಯ ಸಣ್ಣ ಬೋಟ್. ನಾವು ಕೊಟ್ಟಿದ್ದು ಡಾಲ್ಫಿನ್ ಬೋಟಿನ ಸುಮಾರು ನಾಲ್ಕು ಪಟ್ಟು. ರೇಟ್ ಕೇಳಿ ನಮ್ಮ ಚಿಗವ್ವ, "ಇಷ್ಟು ರೊಕ್ಕ ಕೊಟ್ಟು ಹಕ್ಕಿ ನೋಡಬೇಕೇನು?" ಅಂದಿದ್ದರು. ಬೋಟಿನಲ್ಲಿ ನಾವೇ ನಾಲ್ಕೈದು ಜನ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಬಂದಾಗ ಇಂಜಿನ್ ಬಂದ್. ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಉಸಿರಾಟದ ಬೇರು, ಕೆಸರಲ್ಲೇ ಜಿಗಿಯುವ ಮೀನು, ಕೊಂಬೆಗೊಂದು ಮಿಂಚುಳ್ಳಿ. ನೀರು ಇಳಿದಾಗ ದಂಡೆಯಲ್ಲಿ ಬಿಸಿಲು ಕಾಯುತ್ತಾ ಮೊಸಳೆ ಮಲಗಿತ್ತು. ಮಗ್ಗರ್ ಮೊಸಳೆ ಸಾಮಾನ್ಯವಾಗಿ ಸಿಹಿನೀರಿನದು, ಇಲ್ಲಿ ಉಪ್ಪು ಬೆರೆತ ನೀರಲ್ಲೂ ಬದುಕಿದೆ. ಇಲ್ಲಿನ ಕೆಲವು ಊರುಗಳಲ್ಲಿ ಪುಷ್ಯ ಮಾಸದಲ್ಲಿ ಮಣ್ಣಿನ ಮೊಸಳೆ ಮಾಡಿ ಪೂಜಿಸುತ್ತಾರಂತೆ, ಖಜಾನ್ ಗದ್ದೆಗಳ ಏರಿ ಕಾಯಲಿ ಅಂತ. ಒಡ್ಡು ಕಟ್ಟಿ, ತೂಬಿನಿಂದ ಉಬ್ಬರದ ನೀರನ್ನು ತಡೆದು ಭತ್ತ ಬೆಳೆಯುವ ಗದ್ದೆಗಳು ಅವು. ಇದನ್ನೆಲ್ಲ ಹೇಳಿದ್ದು ಅದೇ ಕಾಲುವೆ ದಡದಲ್ಲಿ ಹುಟ್ಟಿ ಬೆಳೆದ ಗೈಡ್. ಚಿಗವ್ವ ಆಮೇಲೆ ರೇಟಿನ ಮಾತೇ ಎತ್ತಲಿಲ್ಲ, ಗದ್ದೆಯ ಬಗ್ಗೆಯೇ ಪ್ರಶ್ನೆ ಕೇಳುತ್ತಾ ಕೂತರು.

ಜಾಸ್ತಿ ದುಡ್ಡು ಎಲ್ಲಿಗೆ ಹೋಯಿತು ಅಂದರೆ, ಕಡಿಮೆ ಜನ, ನಿಧಾನ, ಆ ಜಾಗದ ವಿಷಯ ಗೊತ್ತಿರುವ ಗೈಡ್, ಅಷ್ಟೇ. ಬೋಟ್ ತುಂಬಿಸದೆ ಓಡಿಸಿದರೆ ತಲೆಗೆ ಖರ್ಚು ಏರಲೇಬೇಕು ಅಲ್ವಾ? ಪರಿಸರ ಉಳಿಸುವ ಪುಣ್ಯಕ್ಕೆ ಅಂತ ಯಾರೂ ಸುಮ್ನೆ ಜೇಬು ಬಿಚ್ಚುವುದಿಲ್ಲ ಅನಿಸುತ್ತದೆ ನನಗೆ. ನೋಡಿದ್ದು ಅರ್ಥವಾಗಬೇಕು, ನಮ್ಮಿಂದ ಆ ಪ್ರಾಣಿಗೆ ಹಿಂಸೆಯಾಗಬಾರದು, ಅದಕ್ಕೆ ಕೊಡುತ್ತೇವೆ.

ಹೆಸರಿನಲ್ಲಿ ಮಾತ್ರ ಇಕೋ ಇದ್ದರೆ ಸಾಲದು. ದಕ್ಷಿಣ ಗೋವಾದ ಒಂದು ಇಕೋ ರೆಸಾರ್ಟ್‌ನಲ್ಲಿ ಉಳಿದಿದ್ದೆವು, ಊಟಕ್ಕೆಲ್ಲ ಪ್ಲಾಸ್ಟಿಕ್ ಬಾಟಲಿ, ರಾತ್ರಿ ಬೀಚಿಗೆ ಮುಖ ಮಾಡಿದ ದೊಡ್ಡ ದೀಪ. ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡುವ ಕರಾವಳಿ ಅದು, ಮೊಟ್ಟೆ ಒಡೆದ ಮರಿಗಳು ಸಮುದ್ರ ಬಿಟ್ಟು ಇಂಥ ಬೆಳಕಿನ ಕಡೆಗೇ ಹೋಗುತ್ತವೆ. ಅಲ್ಲಿ ಕೊಟ್ಟ ಹೆಚ್ಚಿನ ದುಡ್ಡು ದಂಡ.

ಬಜೆಟ್ ಕಡಿಮೆಯೇ? ಪಣಜಿ ಹತ್ತಿರದ ರಿಬಂದರ್‌ನಿಂದ ಫೆರಿ ಹತ್ತಿ ಚೋರಾವ್ ದ್ವೀಪಕ್ಕೆ ಹೋಗಿ. ಅಲ್ಲಿನ ಸಲೀಂ ಅಲಿ ಪಕ್ಷಿಧಾಮ 1.78 ಚದರ ಕಿ.ಮೀ. ಮಾತ್ರ, ಆದರೆ ಕಾಂಡ್ಲಾ ಕಾಡಿನೊಳಗೆ ನಡೆದೇ ನೋಡಬಹುದು. ವಲಸೆ ಹಕ್ಕಿ ಬೇಕಿದ್ದರೆ ಚಳಿಗಾಲದಲ್ಲೇ ಹೋಗಿ. ಕಾಲುವೆ ಬೋಟ್ ಬುಕ್ ಮಾಡುವ ಮುಂಚೆ ನೀರು ಇಳಿಯುವ ಹೊತ್ತು ಯಾವುದು, ಎಷ್ಟು ಜನರನ್ನು ಹತ್ತಿಸುತ್ತೀರಿ, ಇಂಜಿನ್ ನಿಲ್ಲಿಸುತ್ತೀರಾ ಅಂತ ಫೋನಿನಲ್ಲೇ ಕೇಳಿ.