ಬ್ಲೇಡ್ ರನ್ನರ್: ಪುಸ್ತಕವೋ, ಡಿವಿಡಿಯೋ, ಹಾಡಿನ ಆಲ್ಬಮ್ಮೋ?

1982ರ ‘ಬ್ಲೇಡ್ ರನ್ನರ್’ ಸಿನಿಮಾದ ಹುಚ್ಚು ಹತ್ತಿದವರು ಮೊದಲು ಏನು ಕೊಳ್ಳಬೇಕು? ನನ್ನ ಕೇಳಿದರೆ, ಪುಸ್ತಕ. ಫಿಲಿಪ್ ಕೆ. ಡಿಕ್ 1968ರಲ್ಲಿ ಬರೆದ ಮೂಲ ಕಾದಂಬರಿಯ ರುಚಿಯೇ ಬೇರೆ. ಅಲ್ಲಿ ನಾಯಕ ಡೆಕಾರ್ಡ್‌ಗೆ ಹೆಂಡತಿ ಇದ್ದಾಳೆ, ತಾರಸಿ ಮೇಲೆ ವಿದ್ಯುತ್ ಕುರಿ. ನಿಜವಾದ ಪ್ರಾಣಿ ಸಾಕುವುದೇ ಅಂತಸ್ತು. ನಕಲಿ ಅಂತ ಪಕ್ಕದವರಿಗೆ ತಿಳಿದರೆ ಮರ್ಯಾದೆ ಏನಾಗಬೇಕು? ಚರ್ಚ್ ಸ್ಟ್ರೀಟಿನಲ್ಲಿ ನನಗೆ ಸಿಕ್ಕ ಸೆಕೆಂಡ್ ಹ್ಯಾಂಡ್ ಪ್ರತಿಯ ಬೈಂಡಿಂಗ್ ಬಿಟ್ಟುಕೊಂಡಿತ್ತು, ಓದೋಕೇನೂ ತೊಂದರೆಯಾಗಲಿಲ್ಲ.

ಡಿಸ್ಕ್ ವಿಷಯದಲ್ಲಿ ಮಾತ್ರ ಹುಷಾರು. ಅಮೆರಿಕದ ಥಿಯೇಟರಿಗೆ ಬಂದ ಮೊದಲ ಆವೃತ್ತಿಯಲ್ಲಿ ನಾಯಕನ ನಿರೂಪಣೆ ಇದೆ, ಕೊನೆಗೊಂದು ಸುಖಾಂತ್ಯ ಅಂಟಿಸಿದ್ದಾರೆ. 2007ರ ‘ಫೈನಲ್ ಕಟ್’ನಲ್ಲಿ ಎರಡೂ ಇಲ್ಲ, ಅದನ್ನೇ ತಗೊಳ್ಳಿ. ಯಾವ ದೇಶದ ಪ್ಲೇಯರಿನಲ್ಲಿ ಡಿವಿಡಿ ಓಡುತ್ತೆ ಅಂತ ಹೇಳೋದು ಅದರ ರೀಜನ್ ನಂಬರು: ಅಮೆರಿಕದ್ದು 1, ನಮ್ಮದು 5. ಮಾವ ಅಲ್ಲಿಂದ ತಂದುಕೊಟ್ಟದ್ದು ಬಸವನಗುಡಿ ಮನೆಯ ಪ್ಲೇಯರಿನಲ್ಲಿ ಓಡಲೇ ಇಲ್ಲ, ಈಗ ಕಾಫಿ ಲೋಟದಡಿ ಕೂತಿದೆ. 4ಕೆ ಡಿಸ್ಕಿಗೆ ಈ ರಗಳೆ ಇಲ್ಲ, ಆದರೆ ಪ್ಲೇಯರ್ ಬೇರೆ ಬೇಕು.

ಸಿನಿಮಾಕ್ಕೆ ಸಂಗೀತ ಕೊಟ್ಟ ವ್ಯಾಂಗೆಲಿಸ್‌ನ ಆಲ್ಬಮ್ ಹೊರಬಂದದ್ದು 1994ರಲ್ಲಿ. 1982ರ ಎಲ್‌ಪಿ ಕಣ್ಣಿಗೆ ಬಿದ್ದರೆ ಕವರ್ ಓದಿ: ನುಡಿಸಿದ್ದು ಬೇರೆ ಆರ್ಕೆಸ್ಟ್ರಾ. 1994ರ ಆಲ್ಬಮ್ಮಿನಲ್ಲಿ ನಡುನಡುವೆ ಸಿನಿಮಾದ ಮಾತುಗಳೂ ಇವೆ. ಮಳೆಯಲ್ಲಿ ಸಿಲ್ಕ್ ಬೋರ್ಡ್ ಜಾಮಿಗೆ ಸಿಕ್ಕಿಕೊಂಡಾಗ ಹಾಕಿ ನೋಡಿ.