ಪಿಡಬ್ಲ್ಯೂಎಚ್‌ಎಲ್: ಆಟಕ್ಕೆ ಐದು ಸ್ಟಾರ್, ಸಂಬಳಕ್ಕೆ ಎರಡೂವರೆ

ಯೂಟ್ಯೂಬಲ್ಲಿ ಪುಕ್ಕಟೆ ಸಿಗುತ್ತಲ್ಲ ಅಂತ ಹಾಕ್ಕೊಂಡಿದ್ದು, ಈಗ ಮ್ಯಾಚ್ ತಪ್ಪಿದ್ರೆ ಚಡಪಡಿಸೋ ಹಾಗಾಗಿದೆ. ಅಮೆರಿಕ-ಕೆನಡಾದ ಹೆಂಗಸರ ಐಸ್ ಹಾಕಿ ಲೀಗ್ ಇದು. 2024 ಜನವರಿ 1ಕ್ಕೆ ಟೊರಾಂಟೋದಲ್ಲಿ ಶುರು, ಮೊದಲ ಮ್ಯಾಚಲ್ಲೇ ನ್ಯೂಯಾರ್ಕ್‌ನವ್ರು ಬಂದು ಟೊರಾಂಟೋಗೆ ಅವ್ರ ಮನೇಲೇ 4-0 ಬಡಿದು ಹೋದ್ರು. ಆ ಸೀಸನ್ ಪೂರ್ತಿ ಟೀಮಿಗೊಂದು ಹೆಸರೂ ಇರ್ಲಿಲ್ಲ, ಜರ್ಸಿ ಮೇಲೆ ಬರೀ ಊರಿನ ಹೆಸರು. ಅಷ್ಟು ಅವಸರದಲ್ಲಿ ಕಟ್ಟಿದ ಲೀಗು.

ಆಟ ಮಾತ್ರ ಏನ್ ಗುರು! ಹೆಂಗಸರ ಹಾಕೀಲಿ ಮೈ ತಾಗಿಸೋ ಹಾಗಿಲ್ಲ ಅನ್ಕೊಂಡಿದ್ದೆ, ಇಲ್ಲಿ ಪಕ್‌ಗೋಸ್ಕರ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಬಿದ್ದಾಗ ಅಂಗಣದ ಸುತ್ತಲಿನ ಗೋಡೆಗೆ ಒತ್ತಿ ಗುದ್ದೇ ಬಿಡ್ತಾರೆ. ನಂಗೆ ಭಾರೀ ಹಿಡಿಸಿದ್ದು ಜೈಲ್‌ಬ್ರೇಕ್ ರೂಲು. ತಪ್ಪು ಮಾಡಿದವಳು ಎರಡು ನಿಮಿಷ ಪೆನಾಲ್ಟಿ ಬಾಕ್ಸಲ್ಲಿ ಕೂರ್ಬೇಕು, ಅವಳ ಟೀಮ್ ಒಬ್ಬಳು ಕಮ್ಮಿ ಇಟ್ಕೊಂಡು ಆಡ್ಬೇಕು, ಆದ್ರೆ ಹಂಗಿದ್ದೂ ಅವ್ರೇ ಗೋಲ್ ಹೊಡೆದ್ರೆ ಶಿಕ್ಷೆ ಅಲ್ಲಿಗೇ ಖತಂ, ಇಷ್ಟೊತ್ತು ಸಪ್ಪೆ ಮುಖ ಹಾಕ್ಕೊಂಡು ಕೂತಿದ್ದವಳು ಬಾಗಿಲು ತಳ್ಕೊಂಡು ಐಸ್ ಮೇಲೆ ಹಾರಿ ಬರೋದಿದ್ಯಲ್ಲ, ಅದನ್ನ ನೋಡೇ ಅನುಭವಿಸ್ಬೇಕು.

ಈಗ ದುಡ್ಡಿನ ವಿಷ್ಯ. ಅಮೆರಿಕದ ಆಟಗಾರ್ತಿ ಕೆಂಡಲ್ ಕಾಯ್ನ್ ಸ್ಕೋಫೀಲ್ಡ್‌ನೇ ತಗೊಳ್ಳಿ. 2018ರ ಒಲಿಂಪಿಕ್ ಚಿನ್ನ, 2019ರಲ್ಲಿ ಗಂಡಸರ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಆಲ್‌ಸ್ಟಾರ್ ಕಾರ್ಯಕ್ರಮದಲ್ಲಿ ಅವ್ರ ಜೊತೇಲೇ ಸ್ಪೀಡ್ ರೇಸಿಗಿಳಿದು 14.346 ಸೆಕೆಂಡಲ್ಲಿ ರಿಂಕ್ ಸುತ್ತಿದ್ಲು, ಕೊನೇ ಸ್ಥಾನ ಕೂಡ ಅಲ್ಲ! ಅದೇ ವರ್ಷ ಕೆನಡಾದ ಹೆಂಗಸರ ಲೀಗ್ ಸಿಡಬ್ಲ್ಯೂಎಚ್‌ಎಲ್ ಬಾಗಿಲು ಹಾಕ್ತು, ಅಲ್ಲಿ 2017ರವರೆಗೂ ಆಟಗಾರ್ತಿಯರಿಗೆ ಸಂಬಳಾನೇ ಇರ್ಲಿಲ್ಲ. ಅಮೆರಿಕದಲ್ಲಿ ಆಗಿದ್ದ ಹೆಂಗಸರ ಲೀಗಲ್ಲಿ 2015ರಲ್ಲಿ ಕನಿಷ್ಠ 10,000 ಡಾಲರ್ ಕೊಡ್ತೀವಿ ಅಂದವ್ರು ಮುಂದಿನ ವರ್ಷಾನೇ ಸಂಬಳಕ್ಕೆ ಕತ್ತರಿ ಹಾಕಿದ್ರು. ಕೆಂಡಲ್ 2023ರಲ್ಲಿ ಮಗು ಹೆತ್ತು, ಒಂದೇ ವರ್ಷದೊಳಗೆ ಮಿನೆಸೋಟಾ ಕ್ಯಾಪ್ಟನ್ನಾಗಿ ಪಿಡಬ್ಲ್ಯೂಎಚ್‌ಎಲ್‌ನ ಮೊದಲ ಟ್ರೋಫಿ ವಾಲ್ಟರ್ ಕಪ್ ಎತ್ತಿದ್ಲು, 2025ರಲ್ಲಿ ಮತ್ತೊಂದು. ಇಂಥೋರು ಇಷ್ಟು ದಿನ ಯಾವ ನಂಬಿಕೆ ಮೇಲೆ ಆಡಿದ್ರೋ.

ಪಿಡಬ್ಲ್ಯೂಎಚ್‌ಎಲ್ ಬಂದ್ಮೇಲೆ ಸುಧಾರಿಸಿದೆ, ಒಪ್ಕೋತೀನಿ. ಆಟಗಾರ್ತಿಯರ ಜೊತೆ ಮಾಡ್ಕೊಂಡ ಕರಾರಲ್ಲಿ ಮೊದಲ ಸೀಸನ್ನಿಗೆ ಕನಿಷ್ಠ 35,000 ಡಾಲರ್, ಪ್ರತಿ ಟೀಮಲ್ಲಿ ಆರು ಜನಕ್ಕಾದ್ರೂ ಮೂರು ವರ್ಷದ ಕಾಂಟ್ರ್ಯಾಕ್ಟ್ ಮೇಲೆ 80,000ಕ್ಕೆ ಕಮ್ಮಿ ಇಲ್ದಂಗೆ, ಟೀಮಿನ ಸರಾಸರಿ 55,000, ಮೇಲೆ ಮನೆ ಬಾಡಿಗೆಗೆ ತಿಂಗಳಿಗೆ 1,500. ಹೆರಿಗೆ ರಜೆ ಕೂಡ ಇದೆ. ಆದ್ರೆ ಅದೇ ಸೀಸನ್ನಲ್ಲಿ ಎನ್‌ಎಚ್‌ಎಲ್‌ನಲ್ಲಿ ಬೆಂಚ್ ಕಾಯೋ ಹುಡುಗನ ಕನಿಷ್ಠ ಸಂಬಳಾನೇ 7,75,000. ಇಪ್ಪತ್ತೆರಡು ಪಟ್ಟು! ಜನ ಬರಲ್ಲ ಅನ್ನೋರಿಗೆ, 2024ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ಬೆಲ್ ಸೆಂಟರ್‌ಗೆ 21,105 ಜನ ಬಂದಿದ್ರು, ಹೆಂಗಸರ ಹಾಕೀಲಿ ಅದು ವಿಶ್ವ ದಾಖಲೆ.

ಆ ಕರಾರು 2031ರವರೆಗೆ, ವರ್ಷಕ್ಕೆ 3 ಪರ್ಸೆಂಟ್ ಏರಿಕೆ. ಕ್ಯಾಲ್ಕ್ಯುಲೇಟರ್ ಒತ್ತಿ ನೋಡ್ದೆ, ಕೊನೇ ಸೀಸನ್ನಿಗೂ ಕನಿಷ್ಠ ಸಂಬಳ 43,000 ಮುಟ್ಟಿದ್ರೆ ಹೆಚ್ಚು. ಎರಡೂವರೆ ಸ್ಟಾರ್ ಕೊಟ್ಟಿದ್ದು ಅದಕ್ಕೇ.