ಒಡೆದ ಗ್ರೌಂಡೋ ಇಡೀ ಗ್ರೌಂಡೋ: ಒಂದೇ ಸ್ಟಾರ್ಟರ್ ಡಬ್ಬಿ, ಮೂರು ಬೋರ್ಡ್

ಚನ್ನಗಿರಿ ಹತ್ತಿರ ನಮ್ಮ ಮಾವನ ಅಡಿಕೆ ತೋಟ. ಬೋರ್‌ವೆಲ್‌ನಲ್ಲಿ ನೀರು ನಿಂತರೆ ಮೋಟರ್ ತಾನೇ ಆಫ್ ಆಗಲಿ ಅಂತ ಒಂದು ಸಣ್ಣ ಬೋರ್ಡ್ ಮಾಡಿಕೊಟ್ಟಿದ್ದೆ. ಪುಟ್ಟ ಕಂಪ್ಯೂಟರಿನಂಥ ಎಟಿಮೆಗಾ328ಪಿ ಚಿಪ್ಪು, ಅದು ಹೇಳಿದಂತೆ ಆನ್-ಆಫ್ ಆಗುವ ಒಂದು ರಿಲೇ, ಕರೆಂಟ್ ಅಳೆಯಲು ಒಂದು ಸಿಟಿ ಕಾಯಿಲ್. ದಾವಣಗೆರೆಯ ಮನೆಯಲ್ಲಿ ಮೇಜಿನ ಮೇಲೆ ಎರಡು ದಿನ ಚೆನ್ನಾಗೇ ಓಡಿತು. ತೋಟಕ್ಕೆ ಒಯ್ದು ಹಾಕಿದರೆ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚು) ಟಪ್ ಅಂದ ಕೂಡಲೇ ಬೋರ್ಡ್ ರೀಸೆಟ್! "ಏನೋ ಇದು, ಮೋಟ್ರು ಆಫ್ ಆದ್ರೆ ನಿನ್ ಡಬ್ಬೀನೂ ಮಲಗುತ್ತಲ್ಲೋ" ಅಂದರು ಮಾವ.

ಅದೇ ಸರ್ಕ್ಯೂಟ್‌ಗೆ ಇನ್ನೆರಡು ಬೋರ್ಡ್ ಮಾಡಿಸಿದೆ. ಮೂರನ್ನೂ ಒಂದೊಂದಾಗಿ ಅದೇ ಸ್ಟಾರ್ಟರ್ ಡಬ್ಬಿಯಲ್ಲಿ ಕೂರಿಸಿ ತಲಾ 20 ಸಲ ಕಾಂಟ್ಯಾಕ್ಟರ್ ಬಡಿಸಿದೆ. ಮೋಟರ್ ಸುಟ್ಟರೆ ಮಾವ ನನ್ನ ಬಿಡಲ್ಲ, ಹಾಗಾಗಿ ಮೋಟರ್ ವೈರ್ ಮೊದಲೇ ಬಿಚ್ಚಿದ್ದೆ.

ಮೊದಲನೆಯದು ಮನೆಯಲ್ಲೇ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ ಮಾಡಿದ ಒಂದೇ ಪದರದ ಬೋರ್ಡ್. ಗ್ರೌಂಡ್, ಅಂದರೆ ಕರೆಂಟ್ ವಾಪಸ್ ಬರುವ ದಾರಿ, ಇದರಲ್ಲಿ ಊರೆಲ್ಲ ಸುತ್ತಿ ಬರುವ ಒಂದು ತೆಳು ಟ್ರ್ಯಾಕ್. ಚಿಪ್ಪಿಗೆ ಬೇಕಾದ ಕರೆಂಟನ್ನು ಪಕ್ಕದಲ್ಲೇ ಕೂಡಿಡುವ 104 (0.1 ಮೈಕ್ರೋಫ್ಯಾರಡ್) ಕೆಪ್ಯಾಸಿಟರ್ ಇತ್ತು, ಆದರೆ ಜಾಗ ಸಿಕ್ಕ ಕಡೆ, ಚಿಪ್ಪಿನಿಂದ 3 ಸೆಂಟಿಮೀಟರ್ ಆಚೆ. ತೆಳು ಟ್ರ್ಯಾಕಿಗೆ ಸೆಂಟಿಮೀಟರಿಗೆ ಸುಮಾರು 10 ನ್ಯಾನೋಹೆನ್ರಿ ಇಂಡಕ್ಟನ್ಸ್ (ಕರೆಂಟ್ ದಿಢೀರನೆ ಬದಲಾಗದಂತೆ ತಡೆಯುವ ಗುಣ) ಇರುತ್ತದೆ. ಚಿಪ್ಪು ಚಕ್ಕಂತ ಕರೆಂಟ್ ಕೇಳಿದಾಗ ಅಷ್ಟು ದೂರದಿಂದ ಎಲ್ಲಿ ಬರುತ್ತೆ? 20ಕ್ಕೆ 14 ಸಲ ರೀಸೆಟ್. ಯಾಕೆ ರೀಸೆಟ್ ಆಯಿತು ಅಂತ ಗುರುತಿಡುವ ಚಿಪ್ಪಿನ ಎಂಸಿಯುಎಸ್ಆರ್ ರಿಜಿಸ್ಟರ್ ಓದಿದರೆ ಜಾಸ್ತಿ ಸಲ 'ಎಕ್ಸ್‌ಟರ್ನಲ್ ರೀಸೆಟ್' ಅಂತಲೇ ಇತ್ತು. ಸಪ್ಲೈ ಕುಸಿದಿದ್ದಲ್ಲ, ರೀಸೆಟ್ ಪಿನ್ನಿಗೇ ನಾಯ್ಸ್ ನುಗ್ಗಿದ್ದು. ಆ ಪಿನ್ನಿನ ಟ್ರ್ಯಾಕನ್ನು ರಿಲೇ ಪಕ್ಕದಲ್ಲೇ ಎಳೆದಿದ್ದೆ, ತಪ್ಪು ನನ್ನದೇ.

ಉಳಿದೆರಡೂ ಎರಡು ಪದರದವು. 104 ಕೆಪ್ಯಾಸಿಟರ್ 7 ಮತ್ತು 8ನೇ ಪಿನ್ನಿಗೆ (ಸಪ್ಲೈ, ಗ್ರೌಂಡ್) ಅಂಟಿಕೊಂಡಂತಿದೆ, ಅನಲಾಗ್ ಸಪ್ಲೈ ಪಿನ್ನಾದ ಎವಿಸಿಸಿಗೆ ಇನ್ನೊಂದು. ರೀಸೆಟ್ ಟ್ರ್ಯಾಕ್ ಗಿಡ್ಡ, ಅದನ್ನು 5 ವೋಲ್ಟಿಗೆ ಎಳೆದು ಹಿಡಿಯಲು 10ಕೆ ಪುಲ್‌ಅಪ್ ರೆಸಿಸ್ಟರ್. ಮುಖ್ಯ ವ್ಯತ್ಯಾಸ ಗ್ರೌಂಡ್‌ನಲ್ಲಿ. ಎರಡನೆಯದರಲ್ಲಿ ಅನಲಾಗ್ (ಸೆನ್ಸರ್ ಕಡೆಯ) ಗ್ರೌಂಡ್, ಡಿಜಿಟಲ್ (ಚಿಪ್ಪು, ಡಿಸ್‌ಪ್ಲೇ ಕಡೆಯ) ಗ್ರೌಂಡ್ ಬೇರೆ ಬೇರೆ, ನಡುವೆ ಒಂದು ಸೀಳು, ಒಂದೇ ಕಡೆ ಜೋಡಣೆ. ಎಲ್ಲರೂ ಹೇಳುವ ಬುದ್ಧಿ ಇದೇ ಅಲ್ವಾ? ಮೂರನೆಯದರಲ್ಲಿ ಕೆಳಪದರ ಪೂರ್ತಿ ಒಂದೇ ಗ್ರೌಂಡ್, ಸುಮ್ನೆ ರಿಲೇಯನ್ನು ಒಂದು ಮೂಲೆಗೆ, ಸೆನ್ಸರನ್ನು ಎದುರು ಮೂಲೆಗೆ ತಳ್ಳಿದ್ದೆ.

ಒಡೆದದ್ದು 5 ಸಲ ರೀಸೆಟ್ ಆಯಿತು, ಇಡಿಯದು 1 ಸಲ. ಅದಕ್ಕಿಂತ ನನಗೆ ಆಶ್ಚರ್ಯ ಆಗಿದ್ದು ಸಿಟಿ ರೀಡಿಂಗ್ ನೋಡಿ. ಮೋಟರ್ ಇಲ್ಲದಾಗ ಅದು 0ಯಿಂದ 1023ರ ಅಳತೆಯಲ್ಲಿ ನಡುವಿನ 512ರಲ್ಲಿ ತೆಪ್ಪಗೆ ನಿಲ್ಲಬೇಕು. ಒಡೆದ ಬೋರ್ಡ್‌ನಲ್ಲಿ ಡಿಸ್‌ಪ್ಲೇಗೆ ಅಕ್ಷರ ಬರೆದಾಗೆಲ್ಲ 10 ಹೆಜ್ಜೆ ಕುಣಿಯುತ್ತಿತ್ತು. 5 ವೋಲ್ಟಿಗೆ ಒಂದು ಹೆಜ್ಜೆ ಅಂದರೆ ಸುಮಾರು 4.9 ಮಿಲಿವೋಲ್ಟ್, ಅಂದರೆ ಹತ್ತಿರ ಹತ್ತಿರ 50 ಮಿಲಿವೋಲ್ಟ್ ಕಸ.

ದೀಪದ ಕೆಳಗೆ ಹಿಡಿದು ನೋಡಿದೆ. ಸೆನ್ಸರ್ ಟ್ರ್ಯಾಕ್ ಆ ಸೀಳಿನ ಮೇಲೆ ಹಾದು ಚಿಪ್ಪಿಗೆ ಹೋಗುತ್ತಿತ್ತು. ಗ್ರೌಂಡ್ ಜೋಡಣೆ ಇದ್ದದ್ದು 4 ಸೆಂಟಿಮೀಟರ್ ಆಚೆ. ಫ್ರೀಕ್ವೆನ್ಸಿ ಜಾಸ್ತಿ ಆದಂತೆ ವಾಪಸ್ ಕರೆಂಟ್ ತನ್ನ ಟ್ರ್ಯಾಕಿನ ಕೆಳಗೇ ಬರಲು ನೋಡುತ್ತದೆ. ಸೀಳು ಅಡ್ಡ ಬಂದರೆ ಸುತ್ತಿ ಬರಬೇಕು. ಆ ಸುತ್ತೇ ಆಂಟೆನಾ. ಬ್ಲೇಡಿನಿಂದ ಸೀಳಿನ ಎರಡೂ ದಡದ ಹಸಿರು ಬಣ್ಣ ಕೆರೆದೆ. ಕತ್ತರಿಸಿ ಬಿಸಾಡಿದ್ದ ಕೆಪ್ಯಾಸಿಟರ್ ಕಾಲೊಂದನ್ನು ಹುಡುಕಿ, ಆ ಟ್ರ್ಯಾಕಿನ ನೇರ ಕೆಳಗೆ ಅಡ್ಡಲಾಗಿಟ್ಟು ಸೋಲ್ಡರ್ ಹಾಕಿದೆ. ಕುಣಿತ 3 ಹೆಜ್ಜೆಗೆ ಇಳಿಯಿತು! ಮೂರನೇ ಬೋರ್ಡ್‌ನಲ್ಲಿ ಮೊದಲಿಂದಲೂ 2.

ಇನ್ನು ಸ್ನಬ್ಬರ್, ಅಂದರೆ ಕಾಯಿಲ್ ಆಫ್ ಆದಾಗ ಏಳುವ ವೋಲ್ಟೇಜ್ ಹೊಡೆತವನ್ನು ಹೀರುವ ಜೋಡಿ. ಕಾಂಟ್ಯಾಕ್ಟರ್ ಕಾಯಿಲ್‌ಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್, ಸರಣಿಯಲ್ಲಿ. ಈ ಕಾಯಿಲ್ ಎರಡು ಫೇಸ್ ನಡುವೆ 415 ವೋಲ್ಟ್‌ನಲ್ಲಿದೆ, ಅದಕ್ಕೆ 275 ವೋಲ್ಟಿನ ಕೆಪ್ಯಾಸಿಟರ್ ಸಾಲದು, 440 ವೋಲ್ಟ್ ಎಸಿಯ ಎಕ್ಸ್1 (ಮೇನ್ ಲೈನಿಗೆಂದೇ ಮಾಡಿದ ಸುರಕ್ಷಿತ ಜಾತಿ) ಹುಡುಕಿ ತಂದೆ. ಮೇನ್ ಇಳಿಸಿಯೇ ಕೈ ಹಾಕಿದ್ದು. ಆಮೇಲೆ ಮೊದಲನೇ ದರಿದ್ರ ಬೋರ್ಡ್ ಕೂಡ 20ಕ್ಕೆ 3 ಸಲ ಮಾತ್ರ ಬಿತ್ತು, ಮೂರನೆಯದು ಒಂದು ಸಲವೂ ಇಲ್ಲ. ದುಡ್ಡು ಕಡಿಮೆ ಇದ್ದರೆ ನಾನು ಮೊದಲು ಇದನ್ನೇ ಹಾಕುತ್ತೇನೆ, ಬೋರ್ಡ್ ಆಮೇಲೆ. ಆದರೆ ಸಿಟಿ ರೀಡಿಂಗ್ ಕುಣಿತಕ್ಕೆ ಸ್ನಬ್ಬರ್ ಏನೂ ಮಾಡಲಿಲ್ಲ. ಅದು ಬೋರ್ಡ್ ಒಳಗಿನದೇ ಜಗಳ.

ತೋಟದಲ್ಲಿ ಈಗ ಮೂರನೆಯದೇ ಕೂತಿದೆ. ಅದರಲ್ಲೂ ಒಂದು ಕಡೆ ತಾಮ್ರ ಪೂರ್ತಿ ತೆಗೆದಿದ್ದೇನೆ: ರಿಲೇ ಕಾಂಟ್ಯಾಕ್ಟಿನ ಕಡೆಗೂ 5 ವೋಲ್ಟ್ ಕಡೆಗೂ ನಡುವೆ, 8 ಮಿಲಿಮೀಟರ್. ಅದು ನಾಯ್ಸ್‌ಗಲ್ಲ, ಮಾವ ಒದ್ದೆ ಕೈಯಲ್ಲಿ ಬಟನ್ ಒತ್ತುತ್ತಾರೆ.